ಓಡಿದಾಗ ಉಬ್ಬಸ ಬರುವ ಮಗುವಿಗೆ ಇನ್‌ಹೇಲರ್ ಕೊಡುವ ಕ್ರಮ

ಓಟದ ನಡುವೆ ಏದುಸಿರು ಬರುವುದು ಎಲ್ಲ ಮಕ್ಕಳಿಗೂ ಸಹಜ. ಆದರೆ ಓಡಿ ನಿಂತ ಐದು-ಹತ್ತು ನಿಮಿಷಗಳಲ್ಲಿ ಒಣಕೆಮ್ಮು, ಎದೆಬಿಗಿತ, ಸುಯ್ ಎನ್ನುವ ಉಸಿರು ಹೆಚ್ಚುತ್ತ ಹೋಗಿ, ಅರ್ಧ ಅಥವಾ ಒಂದು ಗಂಟೆಯಲ್ಲಿ ತಾನಾಗಿ ಇಳಿಯುತ್ತಿದ್ದರೆ ವ್ಯಾಯಾಮದಿಂದ ಕೆರಳುವ ಅಸ್ತಮಾವನ್ನು ಶಂಕಿಸಬೇಕು. ಬಾಯಿಯಿಂದ ರಭಸವಾಗಿ ಎಳೆದುಕೊಂಡ ಗಾಳಿ ಮೂಗಿನಲ್ಲಿ ಬೆಚ್ಚಗಾಗದೆ, ತೇವಗೊಳ್ಳದೆ ನೇರವಾಗಿ ಒಳಹೊಕ್ಕು ಶ್ವಾಸನಾಳಗಳ ಒಳಪದರವನ್ನು ಒಣಗಿಸುವುದರಿಂದ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಡಿಸೆಂಬರ್-ಜನವರಿಯ ಚಳಿ ಬೆಳಗಿನ ಪಿ.ಟಿ. ತರಗತಿ ಹೆಚ್ಚು ಕಾಡುವುದು ಇದಕ್ಕೇ. ಇಂಥ ಮಗುವನ್ನು ಸೋಮಾರಿಯೆಂದು ಗದರುವ ಮೊದಲು ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯುವುದು ಒಳ್ಳೆಯದು.

ಸಾಮಾನ್ಯವಾಗಿ ವೈದ್ಯರು ಬರೆದುಕೊಡುವುದು ಸಾಲ್ಬುಟಮಾಲ್ ಇನ್‌ಹೇಲರ್. ಆಟಕ್ಕೆ 10ರಿಂದ 15 ನಿಮಿಷ ಮೊದಲು ಎರಡು ಪಫ್ (ಇನ್‌ಹೇಲರನ್ನು ಒಮ್ಮೆ ಒತ್ತಿದಾಗ ಹೊರಬರುವ ಔಷಧವೇ ಒಂದು ಪಫ್), ಅಂದರೆ ಒಟ್ಟು 200 ಮೈಕ್ರೋಗ್ರಾಂ, ತೆಗೆದುಕೊಂಡರೆ ಅದರ ರಕ್ಷಣೆ ಎರಡು-ಮೂರು ಗಂಟೆ ಇರುತ್ತದೆ. ನಿಮ್ಮ ಮಗುವಿಗೆ ವೈದ್ಯರು ಬೇರೆ ಪ್ರಮಾಣ ಹೇಳಿದ್ದರೆ ಅದನ್ನೇ ಪಾಲಿಸಿ. ಔಷಧದ ಜೊತೆಗೆ ಹತ್ತು ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳುವ ಅಭ್ಯಾಸವೂ ಇರಲಿ. ಚಳಿಯಿದ್ದರೆ ಬಾಯಿ-ಮೂಗಿಗೆ ತೆಳುವಾದ ಮಫ್ಲರ್ ಸುತ್ತಿದರೂ ನಡೆಯುತ್ತದೆ.

ಔಷಧ ಸರಿಯಿದ್ದೂ ಗುಣ ಕಾಣದಿರುವುದಕ್ಕೆ ಬಹುಪಾಲು ಕಾರಣ ಅದನ್ನು ತೆಗೆದುಕೊಳ್ಳುವ ರೀತಿ. ಇನ್‌ಹೇಲರನ್ನು ನೇರವಾಗಿ ಬಾಯಿಗೆ ಹಿಡಿದು ಒತ್ತಿದರೆ ಹೆಚ್ಚಿನ ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಆದ್ದರಿಂದ ಮಕ್ಕಳಿಗೆ ಸ್ಪೇಸರ್, ಅಂದರೆ ಇನ್‌ಹೇಲರ್ ಮತ್ತು ಬಾಯಿಯ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ, ಬೇಕೇ ಬೇಕು. ನಾಲ್ಕು ವರ್ಷದೊಳಗಿನವರಿಗೆ ಅದಕ್ಕೆ ಮಾಸ್ಕ್ ಕೂಡ ಬೇಕಾಗುತ್ತದೆ. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸಿಕ್ಕಿಸಿ, ಮಗು ನೆಟ್ಟಗೆ ಕೂತು ಅಥವಾ ನಿಂತು ತುಟಿಗಳಿಂದ ಅದರ ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡ ಮೇಲೆ ಒಂದೇ ಒಂದು ಪಫ್ ಒತ್ತಿ, ಸಾವಕಾಶವಾಗಿ ಐದಾರು ಬಾರಿ ಉಸಿರಾಡಿಸಬೇಕು. ದೊಡ್ಡ ಮಕ್ಕಳು ಒಮ್ಮೆ ನಿಧಾನವಾಗಿ, ಆಳವಾಗಿ ಎಳೆದುಕೊಂಡು ಹತ್ತು ಎಣಿಸುವವರೆಗೆ ಉಸಿರು ಹಿಡಿದರೂ ಸಾಕು. ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎರಡನೆಯ ಪಫ್ ಕೊಡಿ. ಎರಡನ್ನೂ ಒಟ್ಟಿಗೆ ಒತ್ತಿ ಮುಗಿಸುವ ಅವಸರ ಬೇಡ. ಸ್ಪೇಸರನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದು ಹಾಗೆಯೇ ಗಾಳಿಗೆ ಒಣಗಿಸಬೇಕು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನ ಒಳಗೋಡೆಯಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧದ ಕಣಗಳು ಅಲ್ಲಿಗೇ ಅಂಟಿಕೊಳ್ಳುತ್ತವೆ.

ಪ್ರತಿದಿನವೂ ಆಟಕ್ಕೆ ಮೊದಲು ಈ ಪಫ್ ಬೇಕಾಗುತ್ತಿದೆಯೆಂದರೆ, ಅಥವಾ ರಾತ್ರಿಯೂ ಕೆಮ್ಮು ಬರುತ್ತಿದೆಯೆಂದರೆ, ಶ್ವಾಸನಾಳಗಳ ಒಳಗಿನ ಉರಿಯೂತ (ಒಳಪದರ ಕೆರಳಿ ಊದಿಕೊಳ್ಳುವುದು) ಹಿಡಿತಕ್ಕೆ ಬಂದಿಲ್ಲವೆಂದೇ ತಿಳಿಯಬೇಕು. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ಉರಿಯೂತವನ್ನು ಮುಟ್ಟುವುದಿಲ್ಲ. ನಿತ್ಯ ಬಳಸಿದರೆ ಅದರ ರಕ್ಷಣೆಯೂ ಕುಗ್ಗುತ್ತದೆ. ಇಂಥ ಮಕ್ಕಳಿಗೆ ಬುಡೆಸೊನೈಡ್ ಅಥವಾ ಫ್ಲುಟಿಕಾಸೋನ್‌ನಂತಹ ಸ್ಟೀರಾಯ್ಡ್ ಇನ್‌ಹೇಲರನ್ನು ದಿನವೂ ಕೊಡಬೇಕಾಗುತ್ತದೆ. ಸ್ಟೀರಾಯ್ಡ್ ಎಂದ ಕೂಡಲೇ ಮನೆಯ ಹಿರಿಯರು ಬೆಚ್ಚಿಬೀಳುವುದುಂಟು, ಇನ್‌ಹೇಲರ್ ಚಟವಾಗಿಬಿಡುತ್ತದೆ ಎನ್ನುವವರೂ ಇದ್ದಾರೆ. ಚಟವಾಗುವುದಿಲ್ಲ. ಮೈಕ್ರೋಗ್ರಾಂ ಲೆಕ್ಕದ ಈ ಔಷಧ ಮಗುವಿನ ಬೆಳವಣಿಗೆಯನ್ನು ತುಸು ನಿಧಾನಗೊಳಿಸಬಹುದಾದರೂ, ಹತೋಟಿ ತಪ್ಪಿದ ಅಸ್ತಮಾ ಅದಕ್ಕಿಂತ ಅಪಾಯಕಾರಿ. ಪರಿಣಾಮ ಕಾಣಲು ಕೆಲವು ವಾರಗಳು ಹಿಡಿಯುವುದರಿಂದ ನಡುವೆ ನಿಲ್ಲಿಸಬೇಡಿ. ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗಿಸಿದರೆ ಬಾಯಿಹುಣ್ಣು ಬರುವ ಸಂಭವ ಕಡಿಮೆ.

ಶಾಲೆಯ ಚೀಲದಲ್ಲಿ ಇನ್‌ಹೇಲರ್ ಮತ್ತು ಸ್ಪೇಸರ್ ಎರಡೂ ಇರಲಿ, ಪಿ.ಟಿ. ಮೇಷ್ಟ್ರಿಗೆ ಬಳಸುವ ಕ್ರಮ ಒಂದು ಚೀಟಿಯಲ್ಲಿ ಬರೆದುಕೊಟ್ಟಿರಲಿ. ಉಬ್ಬಸ ಎದ್ದಾಗ ಆಟ ನಿಲ್ಲಿಸಿ ಮಗುವನ್ನು ನೆಟ್ಟಗೆ ಕೂರಿಸಬೇಕು, ಮಲಗಿಸಬಾರದು. ಒಂದೊಂದಾಗಿ ನಾಲ್ಕು ಪಫ್ ಕೊಟ್ಟು ನಾಲ್ಕು ನಿಮಿಷ ಕಾದು, ಇಳಿಯದಿದ್ದರೆ ಇನ್ನೂ ನಾಲ್ಕು ಕೊಡುತ್ತ 108ಕ್ಕೆ ಕರೆ ಮಾಡಬೇಕು. ಮಗು ಒಂದು ವಾಕ್ಯವನ್ನೂ ಪೂರ್ತಿ ಆಡಲಾರದಿದ್ದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಆ ನಾಲ್ಕು ನಿಮಿಷವನ್ನೂ ಕಾಯದೆ ಮೊದಲೇ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಪಫ್ ಕೊಡುತ್ತಿರಬೇಕು.