ಮಂಕಾದ ಕೋಳಿಗೆ ಮೊದಲು ಬೇಕಾದ್ದು ಔಷಧಿ ಅಲ್ಲ

ಕೋಳಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಸೋತದ್ದು ಗೊತ್ತಾದರೆ ಗುಂಪಿನಲ್ಲಿ ಉಳಿದವು ಕುಕ್ಕಿ ಓಡಿಸುತ್ತವೆ, ಅದಕ್ಕೇ. ಹಾಗಾಗಿ ಹೇಂಟೆಯೊಂದು ಪುಕ್ಕ ಉಬ್ಬಿಸಿಕೊಂಡು, ಬಾಲ ಇಳಿಬಿಟ್ಟು, ಹಾಡಹಗಲೇ ಮೂಲೆಯಲ್ಲಿ ತೂಕಡಿಸುತ್ತಿದ್ದರೆ ಅದು ಇವತ್ತು ಶುರುವಾದ ಕಾಯಿಲೆ ಅಲ್ಲ. ನಾಳೆ ನೋಡೋಣ ಅನ್ನಬೇಡಿ. ಕೋಳಿ ನೋಡುವ ಡಾಕ್ಟರು ಸಿಗುವುದೇ ಅಪರೂಪ. ಸಿಕ್ಕರೂ ಒಂದು ಕೋಳಿಗಾ ಇಷ್ಟೆಲ್ಲಾ ಅಂತ ನಗುವವರೂ ಇದ್ದಾರೆ. ನಗಲಿ ಬಿಡಿ.

ಮೊದಲು ಅದನ್ನು ಬೇರೆ ಮಾಡಿ. ರಟ್ಟಿನ ಪೆಟ್ಟಿಗೆಯೋ, ಮಂಕರಿಯೋ ಸಾಕು. ತಳಕ್ಕೆ ಒಣಹುಲ್ಲು ಹಾಕಿ, ಗಾಳಿ ನೇರ ಹೊಡೆಯದ, ಗಲಾಟೆ ಇಲ್ಲದ ಜಾಗದಲ್ಲಿಡಿ. ಚಳಿಯಿದ್ದರೆ ಬೆಚ್ಚಗೆ ಮಾಡಿ, 27ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಬಲ್ಬ್ ಹಾಕುವುದಾದರೆ ಪೆಟ್ಟಿಗೆಯ ಒಂದು ಬದಿಗೆ ಮಾತ್ರ, ಹುಲ್ಲಿಗೆ ತಾಗದಷ್ಟು ದೂರದಲ್ಲಿ. ಸೆಕೆಯಾದರೆ ಕೋಳಿ ಇನ್ನೊಂದು ಬದಿಗೆ ಸರಿಯುವಂತಿರಬೇಕು. ಮೈ ಮುಟ್ಟಿ ನೋಡಿ ಜ್ವರ ಬಂದಿದೆ ಅಂತ ತಣ್ಣೀರು ಬಟ್ಟೆ ಹಾಕಬೇಡಿ. ಚೆನ್ನಾಗಿರುವ ಕೋಳಿಯ ಮೈಬಿಸಿಯೇ 41 ಡಿಗ್ರಿ ಆಸುಪಾಸು ಇರುತ್ತದೆ.

ಇನ್ನು ನೀರು. ಊಟ ಒಂದು ದಿನ ತಡವಾದರೂ ನಡೆಯುತ್ತದೆ, ನೀರು ತಪ್ಪಬಾರದು. ಆದರೆ ಬಾಯಿ ಅಗಲಿಸಿ ಗಟಗಟ ಹುಯ್ಯಬೇಡಿ. ಕೋಳಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಉಸಿರಿನ ದಾರಿ. ನೀರು ಅಲ್ಲಿಗೆ ಹೋದರೆ ಕಾಯಿಲೆಗಿಂತ ಮೊದಲು ನಮ್ಮ ಉಪಚಾರವೇ ಕೊಂದುಬಿಡುತ್ತದೆ. ಕೊಕ್ಕಿನ ತುದಿಯನ್ನು ನೀರಲ್ಲಿ ಅದ್ದಿ. ಆಗಲೂ ಕುಡಿಯದಿದ್ದರೆ ಡ್ರಾಪರಿನಿಂದ ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಬಿಡಿ, ನುಂಗಿದ ಮೇಲೆ ಇನ್ನೊಂದು. ಭೇದಿಯಾಗಿ ಸೊರಗಿದ್ದರೆ 1 ಲೀಟರ್ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಕೊಡಬಹುದು. ಚಮಚ ಅಂದರೆ ಟೀ ಚಮಚ. ಉಪ್ಪು ಜಾಸ್ತಿಯಾದರೆ ಕೋಳಿಗೆ ವಿಷ. ಒಂದು ದಿನ ಕೊಟ್ಟು ಮತ್ತೆ ಬರೀ ನೀರಿಗೆ ಬನ್ನಿ. ತಿನ್ನಲು ದಿನಾ ಹಾಕುವ ಮೇವನ್ನೇ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿಕೊಡಿ. ಮೂಸಿಯೂ ನೋಡದಿದ್ದರೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಇಡಿ.

ಅದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಟವಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಲೆಯಿಂದ ಕಾಲಿನವರೆಗೆ ನೋಡಿ. ಎದೆ ಅಮುಕಬೇಡಿ. ಕೋಳಿ ಎದೆಗೂಡನ್ನು ಆಡಿಸಿಯೇ ಉಸಿರಾಡಬೇಕು, ಬಿಗಿಯಾಗಿ ಹಿಡಿದರೆ ಉಸಿರು ಕಟ್ಟುತ್ತದೆ. ಎದೆಮೂಳೆ ಚಾಕುವಿನ ಅಂಚಿನಂತೆ ಕೈಗೆ ಚುಚ್ಚಿದರೆ ಬಹಳ ದಿನದಿಂದ ಸೊರಗಿದೆ ಎಂದೇ ಲೆಕ್ಕ. ಕತ್ತಿನ ಬುಡದಲ್ಲಿ ಮೇವಿನ ಚೀಲ ಇರುತ್ತದಲ್ವಾ, ಅದನ್ನು ಬೆಳಗ್ಗೆ ಮೇವು ಹಾಕುವ ಮೊದಲೇ ಮುಟ್ಟಿ ನೋಡಬೇಕು. ಆಗ ಅದು ಖಾಲಿ ಇರಬೇಕು. ಗಟ್ಟಿಯಾಗಿದ್ದರೆ ಒಳಗೆ ನಾರು, ಹುಲ್ಲು ಸಿಕ್ಕಿಕೊಂಡಿರಬಹುದು. ಮೆತ್ತಗೆ ಜೋತುಬಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಮೇವು ಹುಳಿತು ಕೂತಿದೆ. ಕೋಳಿಯನ್ನು ತಲೆಕೆಳಗು ಮಾಡಿ ವಾಂತಿ ಮಾಡಿಸುವ ವಿದ್ಯೆಯನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ, ಅದೂ ಉಸಿರಿನ ದಾರಿಗೇ ಹೋಗುತ್ತದೆ.

ಬಾಲದ ಕೆಳಗೆ ಪುಕ್ಕ ಸರಿಸಿ. ಪುಕ್ಕದ ಬುಡಕ್ಕೆ ಬಿಳಿ ಗಂಟು ಅಂಟಿದ್ದರೆ ಅದು ಹೇನಿನ ಮೊಟ್ಟೆ. ಜುಟ್ಟು ಬಿಳಿಚಿಕೊಂಡಿದ್ದು ಮೈಮೇಲೆ ಏನೂ ಕಾಣದಿದ್ದರೆ, ರಾತ್ರಿ ಟಾರ್ಚ್ ಹಿಡಿದು ಕೋಳಿ ಕೂರುವ ಕೋಲಿನ ಸಂದು ನೋಡಿ. ಕೆಂಪು ನುಸಿ ಹಗಲು ಅಲ್ಲಿ ಅಡಗಿದ್ದು ಕತ್ತಲಾದ ಮೇಲೆ ರಕ್ತ ಹೀರಲು ಬರುತ್ತದೆ. ಹಾಗಿದ್ದಾಗ ಕೋಳಿಗೆ ಮಾತ್ರ ಉಪಚಾರ ಮಾಡಿದರೆ ಸುಖವಿಲ್ಲ, ಗೂಡನ್ನೂ ಶುಚಿ ಮಾಡಬೇಕು. ಹಿಕ್ಕೆಯ ಮೇಲೆ ಬಿಳಿ ಇರುವುದು ಸಹಜ. ಆಗಾಗ ಕಂದು ಬಣ್ಣದ, ಅಂಟಂಟಾದ ನಾತದ ಹಿಕ್ಕೆ ಹಾಕುವುದೂ ಸಹಜವೇ. ರಕ್ತ ಕಂಡರೆ, ಅದರಲ್ಲೂ ಮರಿಗಳಲ್ಲಿ, ಕರುಳಿಗೆ ಸೇರುವ ಪರೋಪಜೀವಿಯಿಂದ ಬರುವ ಕಾಕ್ಸಿಡಿಯೋಸಿಸ್ ಎಂಬ ಕಾಯಿಲೆ ಇರಬಹುದು. ಅದಕ್ಕೆ ನೀರಿಗೆ ಬೆರೆಸುವ ಆಂಪ್ರೋಲಿಯಂ ಎಂಬ ಔಷಧಿ ಇದೆ. ಅದನ್ನು ತಡ ಮಾಡಬಾರದು, ಒದ್ದೆ ಹಾಸನ್ನೂ ಅವತ್ತೇ ತೆಗೆದುಹಾಕಬೇಕು.

ಹೇಂಟೆ ಮೈ ನೆಟ್ಟಗೆ ಮಾಡಿ ನಿಂತು, ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಅದರ ಹೊಟ್ಟೆ ಮುಳುಗುವಷ್ಟು ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ಕೂರಿಸಿ. ಆಮೇಲೆ ಚೆನ್ನಾಗಿ ಒರೆಸಿ, ಮೊಟ್ಟೆ ಬರುವ ಜಾಗಕ್ಕೆ ವ್ಯಾಸಲೀನ್ ಸವರಿ, ಕತ್ತಲಲ್ಲಿ ಬೆಚ್ಚಗೆ ಬಿಡಿ. ಹೊಟ್ಟೆ ಹಿಸುಕಬೇಡಿ. ಮೊಟ್ಟೆ ಒಳಗೇ ಒಡೆದರೆ ಚಿಪ್ಪಿನ ಚೂರು ಕುಯ್ದು ನಂಜಾಗುತ್ತದೆ. ಒಂದು ದಿನದಲ್ಲಿ ಇಳಿಯದಿದ್ದರೆ ಮನೆಮದ್ದು ನಂಬಿ ಕೂರಬೇಡಿ.

ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಯನ್ನು ಅಂದಾಜಿಗೆ ಮುರಿದು ಕೊಡುವ ಚಾಳಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಆಂಟಿಬಯಾಟಿಕ್ ಅಂತೂ ವೈರಸ್ ಕಾಯಿಲೆಗೆ ಕೆಲಸಕ್ಕೇ ಬಾರದು, ಮೇಲೆ ಅದರ ಅಂಶ ಮೊಟ್ಟೆಗೂ ಇಳಿಯುತ್ತದೆ. ಕೋಳಿ ಡಾಕ್ಟರೇ ಬೇಕು ಅಂತೇನೂ ಇಲ್ಲ. ಹಸು, ನಾಯಿ ನೋಡುವವರಿಗೂ ಹೊಸ ಹಿಕ್ಕೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಜಂತು ಇದೆಯಾ ಅಂತ ಹೇಳಲು ಬರುತ್ತದೆ. ಹೋಗುವಾಗ ಮುಚ್ಚಳದ ಡಬ್ಬಿಯಲ್ಲಿ ಹಿಕ್ಕೆ, ಮೊಬೈಲಿನಲ್ಲಿ ಕೋಳಿ ನಡೆಯುವ ವಿಡಿಯೋ, ಚೀಟಿಯಲ್ಲಿ ದಿನದಿನದ ತೂಕ ಬರೆದುಕೊಂಡು ಹೋಗಿ. ಸುಮ್ನೆ ಹುಷಾರಿಲ್ಲ ಅಂದರೆ ಅವರಾದರೂ ಏನು ಮಾಡಿಯಾರು?

ಒಂದಲ್ಲ, ಒಂದರ ಹಿಂದೆ ಒಂದು ಬೀಳತೊಡಗಿದರೆ ಲೆಕ್ಕ ಬೇರೆ. ಕತ್ತು ತಿರುಚುವುದು, ಹಸಿರು ಭೇದಿ, ಮುಖ ಊದಿ ಜುಟ್ಟು ನೀಲಿಯಾಗುವುದು ಕಂಡರೆ ಕೊಕ್ಕರೆ ರೋಗವೋ (ರಾಣಿಖೇತ್ ಅನ್ನುವುದೂ ಇದನ್ನೇ) ಹಕ್ಕಿಜ್ವರವೋ ಇರಬಹುದು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ತಿನ್ನಬೇಡಿ, ಉಳಿದವನ್ನು ಮಾರಬೇಡಿ. ಪಶುವೈದ್ಯ ಇಲಾಖೆಗೆ ತಿಳಿಸಿ. ಬರೀ ಒಂದೇ ಕೋಳಿಗೆ ಹುಷಾರಿಲ್ಲದಾಗಲೂ ಅದರ ಕೆಲಸ ಕಡೆಗೆ ಇಟ್ಟುಕೊಳ್ಳಿ, ಚೆನ್ನಾಗಿರುವವಕ್ಕೆ ಮೇವು ಹಾಕಿ ಬಂದ ಮೇಲೆ. ಆಮೇಲೆ ಕೈ, ಚಪ್ಪಲಿ ಎರಡನ್ನೂ ಸೋಪು ಹಾಕಿ ತೊಳೆಯಿರಿ.

ಚೇತರಿಸಿಕೊಂಡು ತಾನಾಗಿ ಮೇವು ಕೆದಕಲು ಶುರು ಮಾಡಿತು ಅಂತ ಕೂಡಲೇ ಗುಂಪಿಗೆ ಬಿಡಬೇಡಿ. ಅಷ್ಟರಲ್ಲಿ ಅದರ ಜಾಗವನ್ನು ಇನ್ನೊಂದು ಹಿಡಿದಿರುತ್ತದೆ. ಎರಡು ಮೂರು ದಿನ ಜಾಲರಿಯ ಆಚೆ ಈಚೆ ಕಾಣುವಂತೆ ಇಟ್ಟು, ಆಮೇಲೆ ಎಲ್ಲವೂ ಕೂತ ಮೇಲೆ ಕತ್ತಲಲ್ಲಿ ಒಳಗೆ ಬಿಡಿ. ಮರುದಿನ ಮೇವು, ನೀರನ್ನು ಎರಡು ಕಡೆ ಇಡಿ, ಜಗಳ ಕಡಿಮೆಯಾಗುತ್ತದೆ.