ಬೈಕಿಗೆ ಹೊಸ ಟೈರ್ ಆರಿಸಿದ್ದು: ದಾವಣಗೆರೆ–ಭರಮಸಾಗರ ದಾರಿಯ ನನ್ನ ಅನುಭವ

2023ರ ಜೂನ್ ಮೊದಲ ವಾರ. ಶಾಲೆ ಶುರುವಾಗಿ ನಾಲ್ಕೈದು ದಿನಗಳಾಗಿದ್ದವು, ಮುಂಗಾರು ಇನ್ನೂ ಹಿಡಿದಿರಲಿಲ್ಲ. ಭರಮಸಾಗರದಿಂದ ದಾವಣಗೆರೆಗೆ ಮರಳುವಾಗ ಆನಗೋಡಿನ ಹತ್ತಿರ ಒಂದು ಸಣ್ಣ ಮಳೆ ಬಂದು ನಿಂತಿತ್ತು. ಮುಂದಿದ್ದ ಟ್ರ್ಯಾಕ್ಟರ್ ಇದ್ದಕ್ಕಿದ್ದಂತೆ ಸರ್ವಿಸ್ ರಸ್ತೆಯ ಕಡೆಗೆ ಹೊರಳಿದ್ದರಿಂದ ನಾನು ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ನಿಂತುಬಿಟ್ಟಿತು, ಬೈಕು ಮಾತ್ರ ನಿಲ್ಲದೆ ಎಡಕ್ಕೆ ಜಾರುತ್ತಾ ಹೋಯಿತು. ವೇಗ ಕಡಿಮೆಯಿದ್ದುದರಿಂದ ಕಾಲೂರಿ ಉಳಿದುಕೊಂಡೆ. ಬೇಸಿಗೆಯುದ್ದಕ್ಕೂ ಹೆದ್ದಾರಿಯ ಮೇಲೆ ಕೂತ ಎಣ್ಣೆ ಮತ್ತು ಧೂಳು ಮೊದಲ ಮಳೆಗೆ ಮೇಲೆದ್ದು ರಸ್ತೆಯನ್ನು ಜಾರುಬಂಡೆಯಾಗಿಸುತ್ತವೆ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ತಪ್ಪನ್ನೆಲ್ಲ ರಸ್ತೆಯ ಮೇಲೆ ಹೊರಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಅದೇ ಸಂಜೆ, ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗನ ವರ್ನಿಯರ್ ಕ್ಯಾಲಿಪರ್ ತರಿಸಿ ಹಿಂದಿನ ಟೈರಿನ ಮೈಮೇಲಿನ ತೋಡುಗಳ (ಗ್ರೂವ್) ಆಳವನ್ನು ಅಳೆದೆ. ಅಂಚಿನಲ್ಲಿ 3 ಮಿ.ಮೀ.ಗೂ ಹೆಚ್ಚು ಇತ್ತು, ನಟ್ಟನಡುವೆ 1.1 ಮಿ.ಮೀ. ಮಾತ್ರ. ನೋಡಿದವರು ‘ಇನ್ನೂ ಗ್ರಿಪ್ ಇದೆಯಲ್ಲ’ ಎನ್ನುತ್ತಿದ್ದುದು ಅಂಚನ್ನು ನೋಡಿ. ದಿನಕ್ಕೆ ಹೆಚ್ಚುಕಡಿಮೆ 70 ಕಿ.ಮೀ. ನೆಟ್ಟಗಿನ ಹೆದ್ದಾರಿಯಲ್ಲೇ ಓಡುವ ಬೈಕಿನ ಟೈರ್ ನಡುವೆಯೇ ಸವೆದು ಚಪ್ಪಟೆಯಾಗುತ್ತದೆ. ದುಂಡಗಿರಬೇಕಾದ ಮೈ ಚೌಕವಾಗಿ, ತಿರುವಿನಲ್ಲಿ ಬೈಕನ್ನು ವಾಲಿಸಿದಾಗ ಒಂದು ಏಣನ್ನು ದಾಟಿದ ಹಾಗೆ ಅನ್ನಿಸುತ್ತದೆ. ನಮ್ಮ ದೇಶದ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿ.ಮೀ. ಆಳ ಸಾಕೆನ್ನುತ್ತವೆ. ಕಾನೂನಿನ ಲೆಕ್ಕದಲ್ಲಿ ನನ್ನ ಟೈರ್ ಇನ್ನೂ ಪಾಸು. ಆದರೆ ತೋಡಿನ ಕೆಲಸ ನೀರನ್ನು ಟೈರಿನಡಿಯಿಂದ ಹೊರಗೆ ಹಾಯಿಸುವುದು. ಒಂದು ಮಿಲಿಮೀಟರ್ ಆಳದ ತೋಡು ಎಷ್ಟು ನೀರು ಹಾಯಿಸೀತು ಎಂಬುದನ್ನು ಆನಗೋಡಿನಲ್ಲಿ ಕಂಡಿದ್ದೆ. ಟೈರ್ ಬದಲಿಸಲು ನಿಶ್ಚಯಿಸಿದೆ.

ಅಂಗಡಿಗೆ ಹೋಗುವ ಮುನ್ನ ಹಳೆಯ ಟೈರಿನ ಮೈಮೇಲೆ ಬರೆದಿದ್ದನ್ನು ಪೂರ್ತಿ ಓದಿಕೊಂಡೆ. ಹಿಂದಿನದರಲ್ಲಿ 100/90-17, 55ಪಿ ಎಂದಿತ್ತು. ಅಗಲ 100 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 90, ಅಂದರೆ 90 ಮಿ.ಮೀ., ರಿಮ್ಮಿನ ವ್ಯಾಸ 17 ಇಂಚು. ಪಿ ಅಕ್ಷರ ಗಂಟೆಗೆ 150 ಕಿ.ಮೀ. ವೇಗದ ಮಿತಿಯನ್ನು ಹೇಳುತ್ತದೆ. ನನ್ನ 150 ಸಿಸಿ ಬೈಕಿಗೆ ಅದು ಧಾರಾಳ. ಯಾರೂ ಗಮನಿಸದ, ಆದರೆ ನನಗೆ ಮುಖ್ಯವೆನಿಸಿದ ಅಂಕಿ 55. ಅದು ಭಾರದ ಸೂಚಿ, 218 ಕೆ.ಜಿ. ಎಂದರ್ಥ. ಬೈಕಿನ ತೂಕ ಸುಮಾರು 145, ನಾವು ಗಂಡ ಹೆಂಡತಿ ಸೇರಿ 140, ತಿಂಗಳಿಗೊಮ್ಮೆ ಊರಿನಿಂದ ತರುವ ಅಕ್ಕಿ ಚೀಲ 25. ಒಟ್ಟು 310 ಕೆ.ಜಿ.ಯಲ್ಲಿ ಹಿಂದೆ ಒಬ್ಬರು ಕೂತಾಗ ಮೂರರಲ್ಲಿ ಎರಡು ಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆಂದು ಹಿಡಿದರೂ 200ರ ಗಡಿ ದಾಟುತ್ತದೆ. ಆ 218 ಕೂಡ ಟೈರಿನಲ್ಲಿ ಗಾಳಿ ಸರಿಯಾಗಿದ್ದಾಗ ಮಾತ್ರ ಸಿಗುವ ಬಲ. ಹಾಗಾಗಿ ಈ ಸೂಚಿ ಒಂದು ಅಂಕಿಯೂ ಇಳಿಯಕೂಡದೆಂದು ಚೀಟಿಯಲ್ಲಿ ಬರೆದುಕೊಂಡೆ.

ಮೊದಲು ಹೋದ ಅಂಗಡಿಯಲ್ಲಿ ಹುಡುಗ 120/80-17 ಟೈರನ್ನು ಎತ್ತಿ ತಂದು, “ಮೇಷ್ಟ್ರೇ, ದಪ್ಪನೇದು ಹಾಕ್ಸ್ರಿ, ಗಾಡಿ ಲುಕ್ಕೇ ಬೇರೆ ಆಗ್ತತಿ” ಎಂದ. ದಪ್ಪ ಟೈರಿಗೆ ಹಿಡಿತ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಹಾಕಿಸಿಯೂ ಇದ್ದರು. ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆ. ನನ್ನ ಅಳತೆಯ ಟೈರಿನ ಪೂರ್ಣ ವ್ಯಾಸ ಸುಮಾರು 612 ಮಿ.ಮೀ., ಆ ದಪ್ಪ ಟೈರಿನದು ಸುಮಾರು 624. ಹನ್ನೆರಡು ಮಿಲಿಮೀಟರ್ ವ್ಯತ್ಯಾಸದಿಂದ ಹಿಂಭಾಗ ತುಸು ಎತ್ತರವಾಗುತ್ತದೆ, ಗೇರಿನ ಎಳೆತ ತುಸು ಕುಗ್ಗುತ್ತದೆ, ಅದು ಸಹಿಸಬಹುದಾದದ್ದೇ. ಸಹಿಸಲಾಗದ್ದು ರಿಮ್ಮಿನ ವಿಷಯ. 100 ಮಿ.ಮೀ. ಟೈರಿಗೆಂದು ಮಾಡಿದ ಕಿರಿದಾದ ರಿಮ್ಮಿಗೆ 120ರ ಟೈರ್ ಕೂರಿಸಿದರೆ ಅದರ ಎರಡೂ ಅಂಚುಗಳು ಒಳಕ್ಕೆ ಸೆಳೆದುಕೊಂಡು ನಡು ಉಬ್ಬುತ್ತದೆ. ಹೊರಗಿನಿಂದ ದಪ್ಪ ಕಂಡರೂ ನೆಲ ಮುಟ್ಟುವ ಜಾಗ ಎಣಿಸಿದಷ್ಟು ಹೆಚ್ಚುವುದಿಲ್ಲ, ತೂಕ ಮಾತ್ರ ಹೆಚ್ಚುತ್ತದೆ, ಬೈಕು ವಾಲಲು ಒಲ್ಲೆನೆನ್ನುತ್ತದೆ, ಮೈಲೇಜ್ ಇಳಿಯುತ್ತದೆ. ಸಹೋದ್ಯೋಗಿಯ ಬೈಕಿನಲ್ಲಂತೂ ಟೈರಿನ ಅಂಚು ಚೈನ್ ಕವರಿಗೆ ತಾಗಿ ಉಜ್ಜಿದ ಗುರುತನ್ನು ನಾನೇ ನೋಡಿದ್ದೆ. ತಯಾರಕರು ಕೊಟ್ಟ ಅಳತೆಯನ್ನೇ ಉಳಿಸಿಕೊಳ್ಳುವುದಾಗಿ ಹೇಳಿದೆ.

ಆಗ ಆತ ಅಂಗಡಿಯ ಮುಂದೆ ನೇತುಹಾಕಿದ್ದ, ನನ್ನ ಅಳತೆಯದೇ ಒಂದು ಟೈರನ್ನು ಇಳಿಸಿದ. ಬೆಲೆಯೂ ಕಡಿಮೆ ಹೇಳಿದ. ಪಕ್ಕದ ಗೋಡೆಯ ಮೇಲೆ ಸಣ್ಣ ಅಂಡಾಕಾರದ ಮನೆಯೊಳಗೆ 4820 ಎಂದಿತ್ತು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಅಂಕಿ ವರ್ಷ: 2020ರ 48ನೇ ವಾರದಲ್ಲಿ ತಯಾರಾದ ಟೈರ್ ಅದು. ನೆರಳಿನಲ್ಲಿ, ತಂಪಾದ ಕೋಣೆಯಲ್ಲಿಟ್ಟ ಟೈರಾಗಿದ್ದರೆ ಎರಡೂವರೆ ವರ್ಷ ಹಳೆಯದೆಂಬ ಒಂದೇ ಕಾರಣಕ್ಕೆ ನಾನು ಬೇಡವೆನ್ನುತ್ತಿರಲಿಲ್ಲವೇನೋ. ಆದರೆ ನಮ್ಮ ದಾವಣಗೆರೆಯ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಬೀದಿಯಲ್ಲಿ ನೇತಾಡುತ್ತಾ ಉಂಡ ರಬ್ಬರು ಅದು. ಬಿಸಿಲು ಮತ್ತು ಗಾಳಿಗೆ ರಬ್ಬರಿನ ಮೆದುತನ ಹೋಗಿ ಗಡುಸಾಗುತ್ತದೆ, ಗಡುಸಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ತೋಡಿನ ಆಳ ಪೂರ್ತಿಯಿದ್ದರೂ ಅದು ನನಗೆ ಹಳೆಯ ಟೈರೇ. ದಿನಾಂಕ ಕೇಳುವವರು ಕಡಿಮೆ ಎಂಬ ಕಾರಣಕ್ಕೇ ಇಂಥ ಸರಕು ಬಿಕರಿಯಾಗುತ್ತದೆ; ಅಂಗಡಿಗೆ ಹೋಗುವ ಪ್ರತಿಯೊಬ್ಬರೂ ಈ ನಾಲ್ಕು ಅಂಕಿಗಳನ್ನು ತಾವೇ ಬಗ್ಗಿ ಓದಬೇಕು. ಒಂದು ಪಕ್ಕದಲ್ಲಿ ಕಾಣದಿದ್ದರೆ ತಿರುಗಿಸಿ ನೋಡಬೇಕು, ಹಲವು ಟೈರುಗಳಲ್ಲಿ ಅದು ಒಂದೇ ಪಕ್ಕದಲ್ಲಿರುತ್ತದೆ.

ಇದೇ ಕಣ್ಣಿನಿಂದ ಮನೆಯಲ್ಲಿ ಮುಂದಿನ ಟೈರನ್ನೂ ನೋಡಿದೆ. ಅದರ ಮೇಲೆ 2218 ಎಂದಿತ್ತು. ತೋಡು ಇನ್ನೂ ಅರ್ಧ ಉಳಿದಿದ್ದರಿಂದ ಅದನ್ನು ಬದಲಿಸುವ ಯೋಚನೆಯೇ ನನಗಿರಲಿಲ್ಲ. ಗಾಳಿ ತುಸು ಇಳಿಸಿ ಹೆಬ್ಬೆರಳಿನಿಂದ ಗೋಡೆಯನ್ನು ಒತ್ತಿದಾಗ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದವು. ಹಿಂದಿನ ಚಕ್ರ ಜಾರಿದರೆ ಕಾಲೂರಿ ಉಳಿಯಬಹುದು, ಮುಂದಿನದು ಜಾರಿದರೆ ಯೋಚಿಸುವಷ್ಟೂ ಸಮಯ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಲು ತೀರ್ಮಾನಿಸಿದೆ.

ಎಂಆರ್‌ಎಫ್, ಸಿಯಟ್, ಅಪೊಲೊ, ಟಿವಿಎಸ್ ಯೂರೋಗ್ರಿಪ್, ಮಿಷೆಲಿನ್ ಹೀಗೆ ಹೆಸರುಗಳು ಬೇಕಾದಷ್ಟಿವೆ. ಐಎಸ್‌ಐ ಗುರುತಿರುವ ಪರಿಚಿತ ಕಂಪನಿಯದಾದರೆ ಹೆಸರಿಗಿಂತ ಮಾದರಿ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಜಗಳೂರಿನ ಕಡೆಯ ಎರೆಹೊಲದ ದಾರಿಯಲ್ಲಿ ದಿನವೂ ಓಡಾಡುವ ರೈತರಿಗೆ ಮೈತುಂಬ ಉಬ್ಬು ಗುಬ್ಬಿಗಳಿರುವ ಬಟನ್ ಟೈರ್ ಒಪ್ಪುತ್ತದೆ. ನನ್ನ ದಾರಿ ಹೆದ್ದಾರಿಯ ಡಾಂಬರು ಮತ್ತು ಊರೊಳಗಿನ ಕಾಂಕ್ರೀಟು. ಅಲ್ಲಿ ಬಟನ್ನುಗಳ ನಡುವಿನ ಖಾಲಿ ಜಾಗ ನೆಲ ಮುಟ್ಟುವ ರಬ್ಬರನ್ನು ಕಡಿಮೆ ಮಾಡುತ್ತದೆ, ಸದ್ದೂ ಸವೆತವೂ ಹೆಚ್ಚು. ಅದಕ್ಕಾಗಿ ನಡುವೆ ಅಗಲವಾದ ಪಟ್ಟಿಯಿದ್ದು, ಅಲ್ಲಿಂದ ಎರಡೂ ಅಂಚಿಗೆ ಓರೆಯಾಗಿ ಹರಿಯುವ ಆಳವಾದ ತೋಡುಗಳಿರುವ ಮಾದರಿಯನ್ನು ಆರಿಸಿದೆ. ಚಳಿಗಾಲದಲ್ಲಿ ನಮ್ಮ ಕಡೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವುತ್ತಾರೆ. ಆ ಉರುಳುವ ಕಾಳಿನ ಮೇಲೆ ಯಾವ ಮಾದರಿಯೂ ಕೆಲಸಕ್ಕೆ ಬಾರದು, ಅಲ್ಲಿ ವೇಗ ಇಳಿಸುವುದೊಂದೇ ದಾರಿ. ಟ್ಯೂಬ್‌ಲೆಸ್ ಬಗ್ಗೆ ನನಗೆ ಎರಡು ಮಾತಿರಲಿಲ್ಲ. ಸರ್ವಿಸ್ ರಸ್ತೆಯ ಬದಿಯ ಬಳ್ಳಾರಿ ಜಾಲಿಯ ಮುಳ್ಳು ಟ್ಯೂಬಿಗೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಟ್ಯೂಬ್‌ಲೆಸ್ಸಿನಲ್ಲಿ ಮನೆ ಸೇರುವಷ್ಟು ಉಳಿಯುತ್ತದೆ. ಆದರೆ ರಿಮ್ ಕೂಡ ಟ್ಯೂಬ್‌ಲೆಸ್‌ಗೆ ತಕ್ಕದ್ದಾಗಿರಬೇಕು. ನನ್ನ ಅಲಾಯ್ ರಿಮ್ ಹಾಗಿತ್ತು.

ಎರಡನೆಯ ಅಂಗಡಿಯಲ್ಲಿ ಒಳಗೆ ಜೋಡಿಸಿಟ್ಟಿದ್ದ, 1123 ಎಂದು ಬರೆದ ಹಿಂದಿನ ಟೈರೂ ಅದೇ ಮಾದರಿಯ 80/100-17 ಅಳತೆಯ ಮುಂದಿನ ಟೈರೂ ಸಿಕ್ಕವು. ಮೂರು ತಿಂಗಳ ಸರಕು. ಕೂರಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿದೆಯೇ, ಟೈರಿನ ಹಗುರ ಭಾಗವನ್ನು ತೋರಿಸುವ ಹಳದಿ ಚುಕ್ಕೆ ವಾಲ್ವಿನ ಪಕ್ಕಕ್ಕೇ ಬಂದಿದೆಯೇ ಎಂದು ನೋಡಿದೆ. ಹಳೆಯ ವಾಲ್ವುಗಳನ್ನು ತೆಗೆಸಿ ಹೊಸದು ಹಾಕಿಸಿದೆ, ಅದಕ್ಕಾಗುವ ಖರ್ಚು ಅತ್ಯಲ್ಪ. ಹಿಂದಿನ ಚಕ್ರ ಬಿಚ್ಚಿದ ಮೇಲೆ ಚೈನಿನ ಸಡಿಲ ಬದಲಾಗಿಯೇ ಇರುತ್ತದೆ. ಚೈನ್ ಹೊಂದಿಸುವಲ್ಲಿ ಚಕ್ರದ ಎರಡೂ ಬದಿಯ ಗೀಟುಗಳು ಸಮನಾಗಿವೆಯೇ ಎಂದು ಎಣಿಸಿದ ನಂತರವೇ ಆಕ್ಸಲ್ ನಟ್ ಬಿಗಿಸಲು ಹೇಳಿದೆ.

ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ ಎರಡು ದಿನ, ಸುಮಾರು 150 ಕಿ.ಮೀ., ಜೋರಾಗಿ ಬ್ರೇಕ್ ಹಾಕದೆ, ತಿರುವಿನಲ್ಲಿ ಹೆಚ್ಚು ವಾಲಿಸದೆ ಓಡಿಸಿದೆ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ನೋಡುತ್ತೇನೆ: ಒಬ್ಬನೇ ಇದ್ದರೆ ಮುಂದೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಹಿಂದೆ 28, ಇಬ್ಬರಿದ್ದರೆ ಹಿಂದೆ 32. ಇವು ನನ್ನ ಬೈಕಿನ ಪುಸ್ತಕದ ಅಂಕಿಗಳು, ನಿಮ್ಮ ಬೈಕಿನವು ಬೇರೆ ಇರಬಹುದು. ಬಿಸಿಲಿಗೆ ಟೈರ್ ಒಡೆದೀತೆಂದು ಬೇಸಿಗೆಯಲ್ಲಿ ಗಾಳಿ ಇಳಿಸುವವರನ್ನು ಕಂಡಿದ್ದೇನೆ. ಗಾಳಿ ಕಡಿಮೆಯಾದಷ್ಟೂ ಗೋಡೆ ಹೆಚ್ಚು ಮಡಚಿ ಟೈರ್ ಇನ್ನಷ್ಟು ಕಾಯುತ್ತದೆ, ಆದ್ದರಿಂದ ನಾನು ಹಾಗೆ ಮಾಡುವುದಿಲ್ಲ.

ಅಂದು ಹಾಕಿಸಿದ ಹಿಂದಿನ ಚಕ್ರದ ಟೈರ್ ಈಗ 22,000 ಕಿ.ಮೀ. ಓಡಿದೆ. ಹೊಸದಿದ್ದಾಗ ನಡುವೆ 6.5 ಮಿ.ಮೀ. ಇದ್ದದ್ದು ಕಳೆದ ಭಾನುವಾರ ಅಳೆದಾಗ 2.6ಕ್ಕೆ ಇಳಿದಿತ್ತು. ಈ ಬಾರಿ 2 ಮಿ.ಮೀ. ಮುಟ್ಟಿದ ಕೂಡಲೇ, ಮುಂದಿನ ಮುಂಗಾರಿನೊಳಗೆ ಬದಲಿಸಲಿದ್ದೇನೆ. ಅದೇ ಅಳತೆ, ಅದೇ ಭಾರದ ಸೂಚಿ.