ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆ) ಹೊತ್ತಿಗೆ ತೋಟಕ್ಕೆ ಹಸಿರೆಲೆ ಗೊಬ್ಬರ ಬಿತ್ತಿ

ಕಾಸರಗೋಡಿನ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣಿನಲ್ಲಿ ಸಾರ ನಿಲ್ಲುವುದೇ ಕಷ್ಟ, ಜೂನ್-ಜುಲೈ ಮಳೆಗೆ ಎಲ್ಲ ತೊಳೆದು ಹೋಗುತ್ತದೆ ಅಲ್ವಾ? ಹಾಗಾಗಿ ನೆಲವನ್ನು ಸುಮ್ನೆ ಖಾಲಿ ಬಿಡಬೇಡಿ, ಹಸಿರೆಲೆ ಗೊಬ್ಬರದ ಗಿಡ, ಅಂದರೆ ಬೆಳೆಸಿ ಮಣ್ಣಿಗೇ ಸೇರಿಸುವ ಗಿಡ, ಬಿತ್ತಿ.

ತೆಂಗಿನ ಬುಡಕ್ಕೆ ಅಲಸಂಡೆ ಸಾಕು. ಮೇ ಕೊನೆಗೆ ಒಂದೆರಡು ಮಳೆ ಬಿದ್ದ ಮೇಲೆ ಬುಡದ ಸುತ್ತ 1.8 ಮೀಟರ್ ವರೆಗೆ ಮೇಲ್ಮಣ್ಣು ಕೆದಕಿ, ಸುಮಾರು 100 ಗ್ರಾಂ ಬೀಜ ಚೆಲ್ಲಿ, ತೆಳುವಾಗಿ ಮಣ್ಣು ಎಳೆಯಿರಿ. ನೀರು ನಿಲ್ಲುವ ತಗ್ಗಿನ ಜಾಗವಾದರೆ ಡಯಾಂಚ (ಸೆಸ್ಬೇನಿಯಾ ಜಾತಿಯ ಹಸಿರೆಲೆ ಗೊಬ್ಬರದ ಗಿಡ) ಹಾಕಿ. ಸೆಣಬು (ಸನ್‌ಹೆಂಪ್) ಅಲ್ಲಿ ಕೊಳೆಯುತ್ತದೆ, ಅದಕ್ಕೆ ನೀರು ಬಸಿಯುವ ಎತ್ತರದ ನೆಲವೇ ಬೇಕು.

ತಿಂಗಳಾದ ಮೇಲೆ ಒಂದು ಗಿಡ ನಿಧಾನ ಅಗೆದು ಬೇರು ನೋಡಿ. ಬೇರಿನ ಗಂಟು ಒಡೆದಾಗ ಒಳಗೆ ನಸುಗೆಂಪು ಕಂಡರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ನನಗೆ ಇದನ್ನು ನೋಡುವುದೇ ದೊಡ್ಡ ಖುಷಿ.

ಅರ್ಧದಷ್ಟು ಗಿಡ ಹೂ ಬಿಟ್ಟ ಕೂಡಲೇ ಕಡಿದು ಮಣ್ಣಿಗೆ ಸೇರಿಸಿ. ಕಾಯಿಯ ಆಸೆಗೆ ಕಾಯಬೇಡಿ, ದಂಟು ಬಲಿತರೆ ಕೊಳೆಯಲು ಜಾಸ್ತಿ ದಿನ ಬೇಕು, ಸಾರವೂ ಕಾಯಿಗೆ ಹೋಗುತ್ತದೆ. ತರಕಾರಿ ಸಾಲಾದರೆ ಎರಡು-ಮೂರು ವಾರ ಬಿಟ್ಟು ನೆಡಿ. ಅಡಿಕೆ ತೋಟದಲ್ಲಿ ಆಳಕ್ಕೆ ಅಗೆಯಲೇಬೇಡಿ, ಬೇರು ಮೇಲೆಯೇ ಇರುತ್ತದೆ, ಕಡಿದ ಸೊಪ್ಪನ್ನು ಬುಡಕ್ಕೆ ಹೊದಿಸಿದರೂ ಆಯಿತು.